ಒಲೆ ಕೊಳ್ಳುವ ಮುಂಚೆ ಪಾತ್ರೆಯ ತಳ ನೋಡಿ

ಹೊಸದಾಗಿ ಮನೆ ಮಾಡುವವರು ನನ್ನನ್ನು ಕೇಳುವುದು ಇದನ್ನೇ: ಗ್ಯಾಸ್ ತಗೊಳ್ಳಲಾ, ಇಂಡಕ್ಷನ್ ತಗೊಳ್ಳಲಾ? ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿರುವ ಪಾತ್ರೆಗಳನ್ನು ಬೋರಲು ಹಾಕಿ, ತಳಕ್ಕೊಂದು ಆಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಇಂಡಕ್ಷನ್‌ಗೆ ಆಗುತ್ತದೆ. ಬರೀ ಅಲ್ಯೂಮಿನಿಯಂ, ಹಿತ್ತಾಳೆ, ಮಣ್ಣಿನ ಪಾತ್ರೆಗಳು ಆಗುವುದಿಲ್ಲ. ಸ್ಟೀಲಿನಲ್ಲೂ ಎಲ್ಲವೂ ಕಚ್ಚುವುದಿಲ್ಲ.

ಇಂಡಕ್ಷನ್‌ನ ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಶಕ್ತಿ ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ, ಗಾಜನ್ನಲ್ಲ. ಗಾಜಿಗೆ ತಗಲುವುದು ಪಾತ್ರೆಯ ಬಿಸಿ ಮಾತ್ರ. ಕಾವು ಪೋಲಾಗುವುದು ಕಡಿಮೆ, ಹಾಲು, ಅನ್ನ, ಸಾರು ಬೇಗ ಆಗುತ್ತವೆ. ದೋಸೆಗೆ ಮಾತ್ರ ನನಗೆ ಸಮಾಧಾನವಿಲ್ಲ. ಸುರುಳಿ ಚಿಕ್ಕದು, ಕಾವಲಿ ದೊಡ್ಡದು. ನಡುವೆ ಸೀಯುತ್ತದೆ, ಅಂಚು ಹಸಿಯಾಗಿಯೇ ಉಳಿಯುತ್ತದೆ. ಬೀಡಿನ ಕಾವಲಿ ಇಡುವುದಾದರೆ ಕಡಿಮೆ ಕಾವಿನಲ್ಲಿ ನಿಧಾನಕ್ಕೆ ಕಾಯಿಸಿ. ಕೆಂಡದ ಮೇಲೆ ಉಬ್ಬಿಸುವಂಥ ರೊಟ್ಟಿ, ಸುಟ್ಟ ಬದನೆಕಾಯಿ ಗೊಜ್ಜು ಇದರ ಮೇಲೆ ಆಗುವ ಮಾತಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳಿಯೇ ತನ್ನಿ.

ಇನ್‌ಫ್ರಾರೆಡ್ ಒಲೆಯೂ ನೋಡಲು ಹಾಗೆಯೇ ಇರುತ್ತದೆ. ಆದರೆ ಅದರೊಳಗಿನ ತಂತಿ ಕೆಂಪಗೆ ಕಾದು ಗಾಜನ್ನೂ ಕಾಯಿಸುತ್ತದೆ. ತಳ ಸಪಾಟಾಗಿದ್ದರೆ ಅಲ್ಯೂಮಿನಿಯಂ ಪಾತ್ರೆಯೂ ನಡೆಯುತ್ತದೆ. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತದೆ, ಮಕ್ಕಳಿರುವ ಮನೆಯಲ್ಲಿ ಜೋಪಾನ.

ನಮ್ಮ ಅಡುಗೆಗೆ ಒಂದೇ ಒಲೆ ಅಂದರೆ ನಾನು ಗ್ಯಾಸ್ ಅನ್ನೇ ಹೇಳುತ್ತೇನೆ. ಉರಿ ಕಣ್ಣಿಗೆ ಕಾಣುತ್ತದೆ, ಪಾತ್ರೆ ಯಾವುದಾದರೂ ಸೈ. ಸಣ್ಣ ಜೆಟ್‌ನಿಂದ ರಭಸವಾಗಿ ಬರುವ ಗ್ಯಾಸ್ ದಾರಿಯಲ್ಲಿ ಗಾಳಿಯನ್ನು ಎಳೆದುಕೊಂಡು ಬರ್ನರ್ ತೂತುಗಳಲ್ಲಿ ಉರಿಯುತ್ತದೆ. ಗಾಳಿ ಸಾಕಷ್ಟು ಸೇರಿದರೆ ಉರಿ ನೀಲಿ. ಕಡಿಮೆಯಾದರೆ ಹಳದಿ, ಆಗಲೇ ಪಾತ್ರೆ ತಳಕ್ಕೆ ಮಸಿ ಹಿಡಿಯುವುದು. ಹಾಲು ಉಕ್ಕಿ ತೂತು ಕಟ್ಟಿಕೊಂಡಾಗ ಹೀಗಾಗುವುದು ಜಾಸ್ತಿ. ಬರ್ನರ್ ತಣ್ಣಗಾದ ಮೇಲೆ ಬಿಚ್ಚಿ, ಬಿಸಿ ಸೋಪುನೀರಿನಲ್ಲಿ ನೆನೆಹಾಕಿ, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ. ಪೂರ್ತಿ ಒಣಗಿದ ಮೇಲೇ ಕೂರಿಸಿ. ಒದ್ದೆಯಾಗಿದ್ದರೆ ಉರಿ ಪಟಪಟ ಅನ್ನುತ್ತದೆ. ಜೆಟ್ ಕೆಲಸ ಮಾತ್ರ ರಿಪೇರಿಯವರಿಗೆ ಬಿಡಿ.

14.2 ಕೆ.ಜಿ. ಸಿಲಿಂಡರ್ ಸದಾ ನಿಂತೇ ಇರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ವಾಸನೆ ಬಂದ ಕೂಡಲೇ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಫ್ಯಾನು, ಲೈಟು ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಸಿಲಿಂಡರ್ ಮುಗಿದಾಗಿನ ಆತುರಕ್ಕೆ ಚಿಕ್ಕದೊಂದು ಇಂಡಕ್ಷನ್ ಇದ್ದರೆ ಒಳ್ಳೆಯದು ಅಲ್ವಾ? 2000 ವ್ಯಾಟಿನದು ಪೂರ್ತಿ ಕಾವಿನಲ್ಲಿ ಒಂದು ಗಂಟೆ ಉರಿದರೆ 2 ಯೂನಿಟ್. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಬೇಡಿ. ಅಡುಗೆ ಮುಗಿದ ಕೂಡಲೇ ಪ್ಲಗ್ ಕೀಳದೆ, ಒಳಗಿನ ಫ್ಯಾನು ತಾನಾಗಿ ನಿಲ್ಲುವ ತನಕ ಬಿಡಿ.