ಭೂಕಂಪದ ನಂತರ ಬೆಟ್ಟದ ಜಿಲ್ಲೆಯಲ್ಲಿ ರೇಡಿಯೋ ಜಾಲ ಕಟ್ಟುವುದು ಹೇಗೆ

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದ ಮೇಲೆ ಸಿಂಧುಪಾಲ್ಚೋಕ್ ಜಿಲ್ಲೆಯ ಚೌತಾರಾ ಪರಿಹಾರ ತಂಡಗಳ ದೊಡ್ಡ ನೆಲೆಯಾಯಿತು. ವಿಶ್ವ ಆಹಾರ ಕಾರ್ಯಕ್ರಮದ ಮುಂದಾಳುತನದಲ್ಲಿ ತುರ್ತು ದೂರಸಂಪರ್ಕ ತಂಡಗಳು ಅಲ್ಲಿ ಸೇವೆ ಕೊಟ್ಟವು. ಬೆಟ್ಟದ ಏಣಿನ ಮೇಲಿನ ಊರು, ಸುತ್ತ ಆಳವಾದ ಕಣಿವೆಗಳು. ಅಂಥ ಜಾಗಕ್ಕೆ ಹೋಗುವ ಮೂರು ನಾಲ್ಕು ಜನರ ತಂಡಕ್ಕಾಗಿ ಈ ಬರಹ.

ಮೊದಲು ದನಿ, ಆಮೇಲೆ ಇಂಟರ್ನೆಟ್. ಕಚೇರಿಯವರು ಬಂದ ಕೂಡಲೇ ವೈಫೈ ಕೇಳುತ್ತಾರೆ. ಆದರೆ ಭೂಕುಸಿತದ ದಾರಿಯಲ್ಲಿ ಸಿಕ್ಕಿಕೊಂಡ ವಾಹನದವರಿಗೆ ಬೇಕಾದದ್ದು ವಾಕಿಟಾಕಿಯಲ್ಲಿ ಒಂದು ಉತ್ತರ. ಮೊದಲ ದಿನವನ್ನು ಅದಕ್ಕೇ ಮೀಸಲಿಡಿ.

ಹೊರಡುವ ಮುಂಚೆ ಅನುಮತಿಯ ಕೆಲಸ ಶುರು ಮಾಡಿ. ಫ್ರೀಕ್ವೆನ್ಸಿ ಕೊಡುವುದು ಆ ದೇಶದ ಸರ್ಕಾರ. ಭಾರತದ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಅಲ್ಲಿ ತಾನಾಗಿ ನಡೆಯುವುದಿಲ್ಲ. ಥುರಾಯಾ, ಇರಿಡಿಯಂ ಉಪಗ್ರಹ ಫೋನುಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತಂದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ದೆಹಲಿಯ ಮೂಲಕ ಹಾದುಹೋಗುವವರು ಇದನ್ನು ಮರೆಯಬಾರದು.

ರಿಪೀಟರ್, ಅಂದರೆ ಒಂದು ವಾಕಿಟಾಕಿಯ ಮಾತು ಹಿಡಿದು ದೂರದವರಿಗೆ ಮತ್ತೆ ಕಳಿಸುವ ರೇಡಿಯೋ, ಎಲ್ಲಿ ಇಡಬೇಕು ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ವಾಕಿಟಾಕಿಯ ವಿಎಚ್‌ಎಫ್ ಅಲೆ ಗುಡ್ಡ ದಾಟುವುದಿಲ್ಲ. ನೆಲೆಯ ಪಕ್ಕದಲ್ಲೇ ಇಟ್ಟರೆ ಕಾಯಲು ಸುಲಭ, ಆದರೆ ಕಣಿವೆಯವರಿಗೆ ಕೇಳಿಸದು. ಎರಡೂ ಕಣಿವೆ ಕಾಣುವ ಏಣನ್ನು ಹುಡುಕಿ. ಅಲ್ಲಿಂದ 5 ವ್ಯಾಟ್ ವಾಕಿಟಾಕಿಯಲ್ಲಿ ಇಬ್ಬರು ನೇರವಾಗಿ ಮಾತಾಡಿ ನೋಡಿ, ಆಮೇಲೆ ಸಾಮಾನು ಹೊರಿಸಿ. ಬಿರುಕು ಬಿಟ್ಟ ಕಟ್ಟಡದ ತಾರಸಿ ಎಷ್ಟೇ ಎತ್ತರವಿದ್ದರೂ ಹತ್ತಬೇಡಿ. ಮೇ 12ರಂದು ಅಲ್ಲಿ ಮತ್ತೆ 7.3ರ ಕಂಪನವಾಯಿತು. ಕಂಬವನ್ನು ನೆಲದಲ್ಲೇ ನೆಟ್ಟು, ಮೂರು ಕಡೆ ಹಗ್ಗ ಎಳೆದು ಗೂಟಕ್ಕೆ ಕಟ್ಟಿ.

ಇಲ್ಲಿ ಹೊಸಬರು ಸೋಲುವುದು ಡುಪ್ಲೆಕ್ಸರ್‌ನಲ್ಲಿ. ಒಂದೇ ಆಂಟೆನಾದಲ್ಲಿ ಒಟ್ಟಿಗೇ ಕಳಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಇರುವ ಡಬ್ಬಿ ಅದು, ಒಂದು ಜೋಡಿ ಫ್ರೀಕ್ವೆನ್ಸಿಗೆ ಮಾತ್ರ ಟ್ಯೂನ್ ಆಗಿರುತ್ತದೆ. ಊರಲ್ಲಿ ಟ್ಯೂನ್ ಮಾಡಿಕೊಂಡು ಹೋದಿರಿ, ಅಲ್ಲಿ ಬೇರೆ ಫ್ರೀಕ್ವೆನ್ಸಿ ಕೊಟ್ಟರು. ಲ್ಯಾಪ್‌ಟಾಪಿನಿಂದ ರೇಡಿಯೋದ ಫ್ರೀಕ್ವೆನ್ಸಿ ಬದಲಾಯಿಸಿ ಡಬ್ಬಿಯನ್ನು ಹಾಗೇ ಬಿಟ್ಟರೆ ರಿಪೀಟರ್ ತನ್ನ ದನಿಯಿಂದ ತಾನೇ ಕಿವುಡಾಗುತ್ತದೆ: ಹತ್ತಿರದವರು ಸರಿಯಾಗಿ ಕೇಳಿಸುತ್ತಾರೆ, ದೂರದವರ ಮಾತು ತುಂಡಾಗಿ ನಿಂತುಹೋಗುತ್ತದೆ. ಒಂದು ನ್ಯಾನೋವಿಎನ್‌ಎ (ಡಬ್ಬಿ ಯಾವ ಫ್ರೀಕ್ವೆನ್ಸಿಗೆ ಟ್ಯೂನ್ ಆಗಿದೆ ಎಂದು ತೋರಿಸುವ ಸಣ್ಣ ಅಳತೆ ಯಂತ್ರ) ಮತ್ತು ಸ್ಕ್ರೂಡ್ರೈವರ್ ಜೊತೆಗಿರಲಿ, ಅಲ್ಲೇ ಟ್ಯೂನ್ ಮಾಡಿ.

ಕೇಬಲ್ಲಿನಲ್ಲಿ ಜಿಪುಣತನ ಬೇಡ. 20 ಮೀಟರ್ ತೆಳು ಆರ್‌ಜಿ-58 ಕೇಬಲ್ ಹಾಕಿದರೆ 25 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು ಸುಮಾರು 10. ದಪ್ಪ ಆರ್‌ಜಿ-213 ಆದರೆ 16. ಆಂಟೆನಾದ ಬುಡದ ಕನೆಕ್ಟರಿಗೆ ಮೊದಲು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆದು, ಅರ್ಧ ಸುತ್ತಿನ ಮೇಲೆ ಅರ್ಧ ಸುತ್ತು ಬರುವಂತೆ ಕೆಳಗಿನಿಂದ ಮೇಲಕ್ಕೆ ಸುತ್ತಿ. ಹೆಂಚಿನ ಹಾಗೆ ಮೇಲಿನ ಪದರ ಕೆಳಗಿನದನ್ನು ಮುಚ್ಚಬೇಕು. ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪು. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಒಂದು ಬಾಗು ಕೆಳಕ್ಕೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಡುವುದು ಹೆಚ್ಚಾಗಿ ಈ ಕೀಲೇ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಎಂದು ತೋರಿಸುವ ಅಂಕಿ) 1.5ರೊಳಗೆ ಇದ್ದದ್ದು 3 ಆಯಿತೆಂದರೆ ರೇಡಿಯೋ ಬಿಚ್ಚಬೇಡಿ, ಮೊದಲು ಟೇಪು ಬಿಚ್ಚಿ ನೋಡಿ.

ವಿದ್ಯುತ್ತಿನ ಲೆಕ್ಕ ಕಾಗದದ ಮೇಲೆ ಮಾಡಿ. 25 ವ್ಯಾಟ್ ರಿಪೀಟರ್ ಮಾತು ಕಳಿಸುವಾಗ ಸುಮಾರು 7 ಆಂಪಿಯರ್, ಸುಮ್ಮನಿರುವಾಗ ಅರ್ಧ ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 6 ಗಂಟೆ ಮಾತು: 42, ಉಳಿದ 18 ಗಂಟೆಗೆ 9, ಒಟ್ಟು 51 ಆಂಪಿಯರ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಒಂದು ದಿನಕ್ಕೆ 100 ಆಂಪಿಯರ್-ಅವರ್‌ದು ಒಂದು, ಮೋಡದ ದಿನಕ್ಕೆ ಇನ್ನೊಂದು. ಸೋಲಾರ್ ಫಲಕ 250ರಿಂದ 300 ವ್ಯಾಟ್. ಜನರೇಟರ್ ಮೇಲೆ ಮಾತ್ರ ನಂಬಿಕೆ ಇಟ್ಟರೆ ದಾರಿ ಕುಸಿದ ದಿನ ಡೀಸೆಲ್ ಬರುವುದಿಲ್ಲ, ಜಾಲವೂ ನಿಲ್ಲುತ್ತದೆ.

ಪ್ರತಿ ವಾಕಿಟಾಕಿಯಲ್ಲಿ ರಿಪೀಟರ್ ಚಾನೆಲ್ ಜೊತೆಗೆ ರಿಪೀಟರ್ ಇಲ್ಲದ ನೇರ ಚಾನೆಲ್ ಒಂದನ್ನೂ ಹಾಕಿ. "ನನಗೆ ಎಲ್ಲರೂ ಕೇಳಿಸ್ತಾರೆ, ನನಗೆ ಯಾರೂ ಉತ್ತರ ಕೊಡಲ್ಲ" ಎಂದು ಯಾರಾದರೂ ದೂರಿದರೆ ಮೊದಲು ಅವರ ಟೋನ್ ನೋಡಿ, ಮಾತಿನ ಜೊತೆ ರೇಡಿಯೋ ಕಳಿಸುವ ಗುರುತಿನ ದನಿ ಅದು. ಟೋನ್ ತಪ್ಪಿದ್ದರೆ ರಿಪೀಟರ್ ತೆರೆಯುವುದಿಲ್ಲ. ಗುಂಡಿ ಒತ್ತಿ ಒಂದು ಸೆಕೆಂಡು ತಡೆದು ಮಾತಾಡಲು ಎಲ್ಲರಿಗೂ ಕಲಿಸಿ, ಇಲ್ಲದಿದ್ದರೆ ಮೊದಲ ಅಕ್ಷರ ನುಂಗಿಹೋಗುತ್ತದೆ, ಊರಿನ ಹೆಸರೇ ಬದಲಾಗುತ್ತದೆ. ಬೆಳಿಗ್ಗೆ, ಸಂಜೆ ಹೆಸರು ಕರೆದು ಹಾಜರಿ ತೆಗೆದುಕೊಳ್ಳಿ.

ರಿಪೀಟರೂ ತಲುಪದ ಕಣಿವೆಗೆ ಎಚ್‌ಎಫ್, ಅಂದರೆ ಕಡಿಮೆ ಫ್ರೀಕ್ವೆನ್ಸಿಯ ಶಾರ್ಟ್‌ವೇವ್ ರೇಡಿಯೋ, ಬೇಕು. 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ತಂತಿಯ ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ಸಮ ತಂತಿಗಳ ಆಂಟೆನಾ) ಕಟ್ಟಿ, ನೆಲದಿಂದ 3–4 ಮೀಟರ್ ಎತ್ತರ ಸಾಕು. ತಂತಿ ತಗ್ಗಿನಲ್ಲಿದ್ದರೆ ಅಲೆ ನೇರ ಮೇಲಕ್ಕೆ ಹೋಗಿ ಅಯಾನುಮಂಡಲದಿಂದ ಕೆಳಕ್ಕೆ ಬರುತ್ತದೆ, ಗುಡ್ಡ ಅಡ್ಡ ಬರುವುದಿಲ್ಲ. ರಾತ್ರಿ 3.5 ಮೆಗಾಹರ್ಟ್ಸ್ ಕಡೆಗೆ ಇಳಿಯಿರಿ, ಅದಕ್ಕೆ 40 ಮೀಟರ್ ತಂತಿ.

ಎರಡನೇ ದಿನ ವಿಸ್ಯಾಟ್, ಅಂದರೆ ಉಪಗ್ರಹದ ಮೂಲಕ ಇಂಟರ್ನೆಟ್ ತರುವ ತಟ್ಟೆ. ದಕ್ಷಿಣದ ಆಕಾಶ ಬಯಲಾಗಿರುವ ಸಮತಟ್ಟು ನೆಲದಲ್ಲಿ 1.2 ಮೀಟರ್ ತಟ್ಟೆ ಇಟ್ಟು, ಕಾಲುಗಳ ಮೇಲೆ ಮರಳಿನ ಚೀಲ ಹೇರಿ. 2 ಎಂಬಿಪಿಎಸ್ ಲೈನನ್ನು 30 ಜನ ಹಂಚಿಕೊಳ್ಳಬೇಕಾದರೆ ವಿಡಿಯೋ, ಫೋನಿನ ಬ್ಯಾಕಪ್, ವಿಂಡೋಸ್ ಅಪ್‌ಡೇಟ್ ಮೂರನ್ನೂ ರೂಟರಿನಲ್ಲೇ ತಡೆಯಿರಿ. ಜೋರು ಮಳೆಯಲ್ಲಿ ಉಪಗ್ರಹದ ಕೇಯು ಬ್ಯಾಂಡ್ ಸಿಗ್ನಲ್ ಬಿದ್ದರೆ ತಟ್ಟೆ ಅಲುಗಿಸಬೇಡಿ, ಮಳೆ ಹಗುರಾದರೆ ತಾನೇ ಬರುತ್ತದೆ. ಭೂಮಿ ಮತ್ತೆ ನಡುಗಿದ ಮೇಲೆ ಸಿಗ್ನಲ್ ಹೋದರೆ ಮಾತ್ರ ದಿಕ್ಕು ಹೊಸದಾಗಿ ಹಿಡಿಯಬೇಕು. ಸರಿಯಾಗಿ ಹಿಡಿದ ದಿನವೇ ಕಂಬಕ್ಕೂ ಬ್ರಾಕೆಟ್ಟಿಗೂ ಸೇರಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟಿದ್ದರೆ ಕತ್ತಲಲ್ಲೂ ಟಾರ್ಚ್ ಹಿಡಿದು ಆ ಗೆರೆಗೆ ಕೂಡಿಸಬಹುದು.