ಕೆನ್ನಿ ವೀಲರ್ ಆರು ಜನರಲ್ಲಿ, ಅದೂ ಡ್ರಮ್ಸ್ ಇಲ್ಲದೆ

ಜಾಝ್ ಟ್ರಂಪೆಟ್ ವಾದಕ, ಸಂಯೋಜಕ ಕೆನ್ನಿ ವೀಲರ್ ಅವರ ಸಂಗೀತ ನುಡಿಸಬೇಕಾದರೆ ಇಪ್ಪತ್ತು ಜನರ ಬಿಗ್ ಬ್ಯಾಂಡ್ ಬೇಕೇ ಬೇಕು ಅಂತ ಬೆಂಗಳೂರಿನ ನಮ್ಮ ಹಾರ್ನ್ (ಊದುವ ವಾದ್ಯ) ಬಳಗದವರ ವಾದ. ಕಳೆದ ತಿಂಗಳು ಆರೇ ಜನ ನುಡಿಸಿದೆವು, ನಿಂತಿತು. ವಾದ ಮಾಡಿದವರಲ್ಲಿ ಇಬ್ಬರು ಮುಂದಿನ ಸಾಲಲ್ಲೇ ಕೂತಿದ್ದರು.

ಡ್ರಮ್ಸ್ ಬಿಡುವ ಧೈರ್ಯ ಬಂದದ್ದು 'ಏಂಜೆಲ್ ಸಾಂಗ್' ಆಲ್ಬಮ್‌ನಿಂದ. ಅದರಲ್ಲಿ ವೀಲರ್, ಸ್ಯಾಕ್ಸೊಫೋನಿಗೆ ಲೀ ಕೋನಿಟ್ಜ್, ಬಾಸ್‌ಗೆ ಡೇವ್ ಹಾಲೆಂಡ್, ಗಿಟಾರಿಗೆ ಬಿಲ್ ಫ್ರಿಸೆಲ್, ಅಷ್ಟೇ. ಹಾರ್ನ್ ಸಾಲಿನೊಳಗೆ ಹೆಣ್ಣುದನಿ ಸೇರಿಸುವ ಉಪಾಯ ವೀಲರ್ ಅವರ 1990ರ ಬಿಗ್ ಬ್ಯಾಂಡ್ ರೆಕಾರ್ಡಿನದು, ಅಲ್ಲಿ ನಾರ್ಮಾ ವಿನ್‌ಸ್ಟನ್ ಹಾಡಿದ್ದಾರೆ. ಆಗ ವೀಲರ್‌ಗೆ ಅರವತ್ತು. ಸ್ವಂತ ಹೆಸರಿನ ಮೊದಲ ಆಲ್ಬಮ್ ಬಂದಾಗಲೇ ನಲವತ್ತರ ಹತ್ತಿರ. ಹಲ್ಲಿನ ತೊಂದರೆಯಿಂದ ಟ್ರಂಪೆಟ್ ಊದಲಾಗದೆ ಕೂತಿದ್ದಾಗ ಬರೆದದ್ದಂತೆ ಅದು. ನನಗೂ ನಲವತ್ತೆರಡು, ಇನ್ನೂ ಟೈಮಿದೆ!

ಮೊದಲು ಕೀಬೋರ್ಡಿನ ಸ್ಟ್ರಿಂಗ್ಸ್ (ಪಿಟೀಲು ಗುಂಪಿನ ನಾದ) ಹಾಕಿ ನೋಡಿದೆ. ಸೀರಿಯಲ್ ಹಿನ್ನೆಲೆ ಸಂಗೀತದ ಹಾಗಾಯಿತು. ಟ್ರಂಪೆಟ್ ಬಿಟ್ಟು ಅದಕ್ಕಿಂತ ಮೆತ್ತನೆ ನಾದದ ಫ್ಲೂಗಲ್‌ಹಾರ್ನ್ ಸೆಕೆಂಡ್ ಹ್ಯಾಂಡ್ ಕೊಂಡೆ, ಎಪ್ಪತ್ತು ಸಾವಿರದ ಸುಮಾರು. ಮೂರನೇ ವಾಲ್ವ್ ಸಿಕ್ಕಿಕೊಳ್ಳುತ್ತಿತ್ತು, ರಿಪೇರಿಗೆ ಇನ್ನೊಂದು ನಾಲ್ಕೈದು ಸಾವಿರ ಹೋಯಿತು. ಮನೆಯಲ್ಲಿ ಪೂರ್ತಿ ಲೆಕ್ಕ ಹೇಳಿಲ್ಲ.

ಗಾಯಕಿ ಕರ್ನಾಟಕ ಸಂಗೀತದವರು. ಮೊದಲ ದಿನವೇ "ಸರ್, ಇದಕ್ಕೆ ಶ್ರುತಿ ಯಾವುದು?" ಅಂದರು. ವೀಲರ್ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ತಾಳದ ಬಾರ್ ಬಾರ್‌ಗೂ ಜಾಗ ಬದಲಿಸುತ್ತವೆ, ಏನಂತ ಹೇಳುವುದು? ಅದಕ್ಕಿಂತ ದೊಡ್ಡ ತಲೆನೋವು ಗಮಕ. ಅವರ ದನಿ ಷಡ್ಜದಲ್ಲಿದ್ದರೆ ಟ್ರೊಂಬೋನ್ ಅರ್ಧ ಸ್ವರ ಕೆಳಗೆ, ಕಾಕಲಿ ನಿಷಾದದಲ್ಲಿ ನಿಂತಿರುತ್ತದೆ. ಆ ಘರ್ಷಣೆಯಲ್ಲೇ ವೀಲರ್ ಇರುವುದು. ದನಿ ಒಂಚೂರು ಅಲುಗಿದರೂ ಅಪಸ್ವರ. ಅಕಾರದಲ್ಲಿ ಹಾಡಿಸಿದರೆ ಗಮಕ ತಾನಾಗಿ ನುಸುಳುತ್ತಿತ್ತು. ಬೇರೊಂದು ಅಕ್ಷರ ಕೊಟ್ಟೆ, ದನಿ ನೆಟ್ಟಗೆ ನಿಂತು ಫ್ಲೂಗಲ್ ಜೊತೆ ಒಂದಾಯಿತು. ಯಾವ ಅಕ್ಷರ ಅಂತ ಮಾತ್ರ ಕೇಳಬೇಡಿ.

ನಡುವೆ ಟ್ರೊಂಬೋನ್ ಬದಲಿಗೆ ಮದುವೆ ಬ್ಯಾಂಡಿನವರಿಂದ ಯೂಫೋನಿಯಂ (ಸಣ್ಣ ಟ್ಯೂಬಾದಂಥ ಹಿತ್ತಾಳೆ ವಾದ್ಯ) ತಂದು ನೋಡಿದ್ದೂ ಉಂಟು, ದಿನಕ್ಕೆ ಎಂಟುನೂರು ಬಾಡಿಗೆ. ನಾದ ಬೆಣ್ಣೆ. ಆದರೆ ಮೇಲಿನ ಸ್ವರಗಳೆಲ್ಲ ಶ್ರುತಿಗಿಂತ ಏರು. 'ಏಂಜೆಲ್ ಸಾಂಗ್'ನ 'ಕೈಂಡ್ ಫೋಕ್' ರಚನೆಗೆ ಸರಿಹೋಯಿತು, ಉಳಿದದ್ದಕ್ಕೆ ಇಲ್ಲ.

ಹಾಲ್ ಬಾಡಿಗೆ ಹನ್ನೆರಡು ಸಾವಿರ, ಟಿಕೆಟ್ ಮುನ್ನೂರು, ಬಂದವರು ಅರವತ್ತರ ಆಸುಪಾಸು. ತಲೆಗೆ ಸಾವಿರ ಉಳಿಯಿತು. ಜಾಝ್‌ನಲ್ಲಿ ಕೈಯಿಂದ ಹಾಕದೆ ಮನೆಗೆ ಬಂದದ್ದು ನನಗಂತೂ ಇದೇ ಮೊದಲು. ಟ್ರೊಂಬೋನ್, ಟೆನರ್ ಸ್ಯಾಕ್ಸ್ ಪಾರ್ಟ್ (ಬರೆದ ಸ್ವರಗಳು) ಬೇಕಾದವರಿಗೆ ಕೊಡುತ್ತೇನೆ. ದನಿಯ ಪಾರ್ಟ್ ಇನ್ನೊಂದು ಶೋ ಆಗುವ ತನಕ ಇಲ್ಲ.