ಹೆಸರು ಬರೆಯದೆಯೂ ಗುರುತು ಕೊಟ್ಟಿದ್ದೆ

ಆ ತಾಯಿ ಫೋನ್ ಮಾಡಿದಾಗ ಬೆಳಿಗ್ಗೆ ಏಳೂವರೆ. ‘ಸಾರ್, ನೀವು ನಮ್ಮ ಮಗು ಹೆಸರು ಹಾಕಿಲ್ಲ. ಆದರೆ ಹಾಲಿನ ಬೂತಿನವರಿಗೂ ಗೊತ್ತಾಗಿದೆ’ ಎಂದರು. ಬೈಯಲಿಲ್ಲ, ಅಳಲಿಲ್ಲ.

ಬೆಂಗಳೂರಿನಲ್ಲಿ ಪತ್ರಿಕೆಯ ಕ್ರೈಂ ಬೀಟ್‌ಗೆ, ಅಂದರೆ ಅಪರಾಧ ಸುದ್ದಿಯ ವರದಿಗಾರಿಕೆಗೆ ಬಂದು ಆಗ ನನಗೆ ಎರಡೇ ವರ್ಷ. ಶಾಲಾ ವ್ಯಾನ್‌ನಲ್ಲಿ ಮಗುವಿನ ಮೇಲೆ ನಡೆದ ದೌರ್ಜನ್ಯದ ವರದಿ ಅದು. ಹೆಸರು ಬಿಟ್ಟಿದ್ದೆ, ಫೋಟೊ ಹಾಕಿರಲಿಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಬಡಾವಣೆಯ ಹೆಸರಿತ್ತು, ಎಷ್ಟನೇ ತರಗತಿ ಅಂತ ಇತ್ತು, ಅಪ್ಪನ ಕೆಲಸವೂ ಇತ್ತು. ಒಂದೊಂದೇ ನೋಡಿದರೆ ಏನೂ ಇಲ್ಲ. ಮೂರನ್ನೂ ಸೇರಿಸಿದರೆ ಆ ರಸ್ತೆಯಲ್ಲಿ ಒಂದೇ ಮನೆ. ಅವರು ದೂರು ಕೊಡಲಿಲ್ಲ. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿಕೊಂಡು ಹೋದರು.

ಅವತ್ತು ಕೂತು ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಓದಿದೆ. ಮೊದಲೇ ಓದಬೇಕಿತ್ತು. ಹೆಸರು, ವಿಳಾಸ, ಫೋಟೊ ಅಷ್ಟೇ ಅಲ್ಲ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಇನ್ಯಾವುದನ್ನೂ ಹಾಕಬಾರದು ಅಂತ ನೇರವಾಗಿಯೇ ಬರೆದಿದೆ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂವಿಧಾನದಲ್ಲಿ ಪತ್ರಿಕೆಗಳಿಗೆ ಅಂತ ಬೇರೆ ಹಕ್ಕಿಲ್ಲ. 19ನೇ ವಿಧಿಯಲ್ಲಿ ಆ ತಾಯಿಗೆ ಇರುವ ಮಾತಿನ ಹಕ್ಕೇ ನನಗೂ ಇರುವುದು. ಆದರೆ ನನ್ನ ಮಾತು ಬೆಳಗಾಗುವುದರೊಳಗೆ ಊರಿಗೆಲ್ಲ ಮುಟ್ಟುತ್ತದೆ, ಅಲ್ವಾ?

ಈಗ ವರದಿ ಕಳಿಸುವ ಮುಂಚೆ ಅದನ್ನು ಆ ಮಗುವಿನ ಪಕ್ಕದ ಮನೆಯವನಾಗಿ ಓದುತ್ತೇನೆ. ವ್ಯಾನ್‌ಗೆ ಕಾಯುವ ಬೇರೆ ಅಮ್ಮಂದಿರಿಗೆ ಇದು ಯಾರೆಂದು ಹೊಳೆಯುತ್ತದೆಯೇ? ಹೊಳೆದರೆ ಆ ವಿವರ ತೆಗೆಯುತ್ತೇನೆ. ಆರೋಪಿ ಚಿಕ್ಕಪ್ಪನೋ ಮಲತಂದೆಯೋ ಆಗಿದ್ದರೆ ಅವನ ಹೆಸರನ್ನೂ ತೆಗೆಯಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಪೊಲೀಸರ ಪ್ರೆಸ್ ನೋಟ್‌ನಲ್ಲೇ ಇತ್ತು ಅನ್ನುವುದು ನೆಪ ಮಾತ್ರ. ನಾನು ಬಡಾವಣೆ ಬಿಟ್ಟು ತರಗತಿ ಬರೆದು, ಇನ್ನೊಂದು ಪತ್ರಿಕೆ ತರಗತಿ ಬಿಟ್ಟು ಬಡಾವಣೆ ಬರೆದರೆ ಎರಡನ್ನೂ ಓದಿದವರಿಗೆ ಎಲ್ಲ ಸಿಕ್ಕಿಬಿಡುತ್ತದೆ, ಹಾಗಾಗಿ ಬೀಟ್‌ನ ಬೇರೆ ವರದಿಗಾರರಿಗೂ ಫೋನ್ ಮಾಡಿ ಏನು ಬಿಡುತ್ತಿದ್ದೇವೆ ಅಂತ ಮಾತಾಡಿಕೊಳ್ಳುತ್ತೇವೆ.

ಜಾಸ್ತಿ ಕಷ್ಟ ಶಾಲೆಯ ಹೆಸರಿನದು. ಗೇಟ್ ಮುಂದೆ ಪೋಷಕರು ‘ಹೆಸರು ಯಾಕೆ ಹಾಕಲ್ಲ, ದುಡ್ಡು ತಿಂದಿದ್ದೀರಾ?’ ಎಂದು ಕೇಳುತ್ತಾರೆ. ಆಡಳಿತ ಮಂಡಳಿಯವರು ಅದೇ ಸೆಕ್ಷನ್ ತೋರಿಸಿ ಏನೂ ಬರೆಯಲೇಬೇಡಿ ಅನ್ನುತ್ತಾರೆ. ಮಗುವಿಗೆ ಅಂತ ಹಿಡಿದ ಕೊಡೆಯೊಳಗೆ ದೊಡ್ಡವರು ನುಸುಳುವುದನ್ನು ನಾನು ಒಪ್ಪುವುದಿಲ್ಲ. ಮಗುವಿನ ಹಿತಕ್ಕೆ ಅಂತ ವಿಶೇಷ ನ್ಯಾಯಾಲಯ ಅನುಮತಿ ಕೊಡದೆ ಹೆಸರು ಹಾಕುವುದಿಲ್ಲ. ಆದರೆ ಶಾಲೆಗೆ ಯಾವಾಗ ಗೊತ್ತಾಯಿತು, ಆಮೇಲೆ ಏನು ಮಾಡಿತು ಅನ್ನುವ ಪ್ರಶ್ನೆಯನ್ನಂತೂ ಬಿಡುವುದಿಲ್ಲ. ಪೋಕ್ಸೊ ಕಾಯ್ದೆಯದೇ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು.

ಒಂದು ಪ್ರಕರಣದಲ್ಲಿ ಶಾಲೆಯ ಮುಖ್ಯಸ್ಥರಿಗೆ ಸೋಮವಾರವೇ ಗೊತ್ತಿತ್ತು. ಎಫ್‌ಐಆರ್ ಆಗಿದ್ದು ಶುಕ್ರವಾರ, ಅದೂ ಅಪ್ಪ ಹೋಗಿ ಕೊಟ್ಟ ದೂರಿನ ಮೇಲೆ. ಶಾಲೆ, ಬಡಾವಣೆ, ತರಗತಿ ಯಾವುದೂ ಇಲ್ಲದೆ ಆ ನಾಲ್ಕು ದಿನಗಳನ್ನೇ ಬರೆದೆ. ಮುಂದಿನ ವಾರ ಮುಖ್ಯಸ್ಥರ ಮೇಲೂ ಕೇಸಾಯಿತು. ವಿಚಾರಣೆ ಆದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕು ಅನ್ನುತ್ತದೆ ಕಾಯ್ದೆ. ಇದು ಎರಡನೇ ವರ್ಷ. ಅದನ್ನೂ ಬರೆಯುತ್ತಿದ್ದೇನೆ.